ಪ್ರತಿಕ್ರಿಯೆ: ‘ಲಾಸ್ಟ್’ನಲ್ಲಿ ಎಲ್ಲರೂ ಮೊದಲೇ ಸತ್ತಿದ್ದರಾ?

"ವಿಮಾನ ಬಿದ್ದಾಗಲೇ ಎಲ್ಲರೂ ಸತ್ತಿದ್ದರು, ಆರು ಸೀಸನ್ ಸುಮ್ನೆ ನೋಡಿದ ಹಾಗಾಯ್ತು ಅನ್ನೋ ಟೀಕೆ ನಿಜವಾ?" ಅಂತ ‘ಲಾಸ್ಟ್’ ಬಗ್ಗೆ, ಅಂದ್ರೆ ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡವರ ಕತೆ ಹೇಳುವ ಅಮೆರಿಕದ ಟಿವಿ ಧಾರಾವಾಹಿ ಬಗ್ಗೆ ಕೇಳಿದ್ದೀರಿ. ಅಲ್ಲ. ಕೊನೆಯ ಕಂತಿನಲ್ಲಿ ಕಥಾನಾಯಕ ಜ್ಯಾಕ್‌ನ ಅಪ್ಪ ಕ್ರಿಶ್ಚಿಯನ್ ಅದನ್ನು ಬಿಡಿಸಿ ಹೇಳುತ್ತಾನೆ: ದ್ವೀಪದಲ್ಲಿ ನಡೆದದ್ದೆಲ್ಲ ನಿಜ, ಕೆಲವರು ಜ್ಯಾಕ್‌ಗಿಂತ ಮೊದಲು ಸತ್ತರು, ಕೆಲವರು ಎಷ್ಟೋ ಕಾಲದ ನಂತರ. ಸತ್ತ ಮೇಲಿನದು ಆರನೇ ಸೀಸನ್ನಿನಲ್ಲಿ, ವಿಮಾನ ಬೀಳದೇ ಇದ್ದಿದ್ದರೆ ಅನ್ನೋ ಹಾಗೆ ಜೊತೆಜೊತೆಗೆ ತೋರಿಸಿದ ಆ ಪಕ್ಕದ ಕತೆ ಮಾತ್ರ. ಗೊಂದಲಕ್ಕೆ ಅದನ್ನು ಪ್ರಸಾರ ಮಾಡಿದ ಎಬಿಸಿ ಚಾನೆಲ್ ಕೂಡ ಕಾರಣ. 2010ರ ಮೇ 23ರಂದು ಕೊನೆಯ ಹೆಸರುಗಳು ಬರುವಾಗ ಖಾಲಿ ದಡದಲ್ಲಿ ಬಿದ್ದಿದ್ದ ವಿಮಾನದ ಅವಶೇಷ ತೋರಿಸಿತು. ಜನ ಏನಂದುಕೊಳ್ಳಬೇಕು ಹೇಳಿ!

ಆದರೆ ಟೀಕಿಸಿದವರ ಮೇಲೆಲ್ಲ ಹರಿಹಾಯುವ ಅಭಿಮಾನಿಗಳ ಜೊತೆ ನಾನಿಲ್ಲ. ದ್ವೀಪದಲ್ಲಿದ್ದ ಹುಡುಗ ವಾಲ್ಟ್‌ನ ವಿಚಿತ್ರ ಶಕ್ತಿಯ ಬಗ್ಗೆ ಅಷ್ಟೊಂದು ಆಸೆ ಹುಟ್ಟಿಸಿ ಕೈಬಿಟ್ಟರು. ಮೂರನೇ ಸೀಸನ್ನಿನಲ್ಲಿ ಜ್ಯಾಕ್‌ನ ಹಚ್ಚೆಗೆ ಒಂದಿಡೀ ಕಂತು! ಅದು ಬರೀ ಎಳೆದಾಟ. ಮುಗಿಸುವ ದಿನವೇ ಗೊತ್ತಿಲ್ಲದೆ ಬರೆಯುತ್ತಿದ್ದರು ಅಲ್ವಾ? 2007ರಲ್ಲಿ, ಇನ್ನು 48 ಕಂತು, 2010ಕ್ಕೆ ಮುಕ್ತಾಯ ಅಂತ ನಿಗದಿಯಾಯಿತು. ಆಮೇಲೆ ಬಂದ ನಾಲ್ಕನೇ ಸೀಸನ್ ನೋಡಿ, ಎಷ್ಟು ಬಿಗಿಯಾಗಿದೆ! ಡೆಸ್ಮಂಡ್ ತನ್ನ ಪ್ರೇಯಸಿ ಪೆನ್ನಿಗೆ ಫೋನ್ ಮಾಡುವ ಕಂತು ಅದರಲ್ಲೇ ಇದೆ.