ಓದುವ ಮೂಲೆ ಮತ್ತೆ ಮತ್ತೆ ತುಂಬಿಕೊಳ್ಳುವುದೇಕೆ?

ಪ್ರಶ್ನೆ: ಮನೆಯ ಸಾಮಾನು ಕಡಿಮೆ ಮಾಡಿ, ಕಿಟಕಿಯ ಪಕ್ಕ ಓದಲೆಂದು ಕುರ್ಚಿ ಹಾಕಿ, ಎದುರಿನ ಗೋಡೆಗೆ ನಾಲ್ಕು ಹಲಗೆಗಳ ತೆರೆದ ಶೆಲ್ಫ್ ಮಾಡಿಸಿದ್ದೇನೆ. ಮೊದಲ ವಾರ ಚೆನ್ನಾಗಿತ್ತು. ಈಗ ಅಲ್ಲಿ ಪುಸ್ತಕಗಳಿಗಿಂತ ಚಾರ್ಜರ್, ಬೀಗದ ಕೈ, ಮಾತ್ರೆ, ಹಳೆಯ ಬಿಲ್ಲುಗಳೇ ಎದ್ದು ಕಾಣುತ್ತವೆ. ಏನು ಬದಲಿಸಬೇಕು?

ಉತ್ತರ: ಮೊದಲು ಶೆಲ್ಫಿನ ಆಳವನ್ನು ಅಳೆದು ನೋಡಿ. ನೀವು ಬರೆದಿಲ್ಲವಾದರೂ ಅದು 30 ಸೆಂ.ಮೀ. ದಾಟಿರಬೇಕೆಂದು ನನ್ನ ಊಹೆ. ಸಾಮಾನ್ಯ ಪುಸ್ತಕಗಳಿಗೆ 20ರಿಂದ 25 ಸೆಂ.ಮೀ. ಆಳ ಸಾಕು, ಅದಕ್ಕಿಂತ ಹೆಚ್ಚಾದರೆ ಪುಸ್ತಕದ ಸಾಲಿನ ಮುಂದೆ ಅಂಗೈ ಅಗಲದ ಜಾಗ ಖಾಲಿ ಉಳಿಯುತ್ತದೆ, ಬೀಗದ ಕೈ ಬಂದು ಕೂರುವುದು ಅಲ್ಲೇ. ಬಡಗಿಯನ್ನು ಕರೆಸುವ ಮುನ್ನ ಪುಸ್ತಕಗಳನ್ನು ಗೋಡೆಗೆ ಒತ್ತದೆ, ಹಲಗೆಯ ಮುಂದಿನ ಅಂಚಿಗೆ ಸರಿಯಾಗಿ ನಿಲ್ಲಿಸಿ ನೋಡಿ. ಹಿಂದೆ ಎಷ್ಟು ಜಾಗ ಉಳಿದರೂ ಚಿಂತೆಯಿಲ್ಲ, ಮುಂದೆ ಏನನ್ನೂ ಇಡಲಾಗದಿದ್ದರೆ ಸಾಕು.

ಹಾಗೆಂದು ಚಾರ್ಜರ್, ಬೀಗದ ಕೈಗಳನ್ನು ದೂರದ ಕೋಣೆಗೆ ಅಟ್ಟಿದರೆ ಅವು ಎರಡೇ ದಿನದಲ್ಲಿ ಮರಳಿ ಬರುತ್ತವೆ. ಕೈಯಲ್ಲಿರುವುದನ್ನು ಕೈಗೆಟಕುವಲ್ಲೇ ಇಡುವುದು ಎಲ್ಲರ ಅಭ್ಯಾಸ. ಆದ್ದರಿಂದ ಕೆಳಗಿನ ಹಲಗೆಯ ಅಡಿಗೆ ಸುಮಾರು 10 ಸೆಂ.ಮೀ. ಎತ್ತರದ ಡ್ರಾಯರ್ ಕೂಡಿಸಿ, ಚಾರ್ಜರಿನ ವೈರಿಗಾಗಿ ಅದರ ಹಿಂಬದಿಯಲ್ಲಿ ಒಂದು ತೂತು ಬಿಡಿಸಿ. ಮಾತ್ರೆಗಳು ಮಾತ್ರ ಅಲ್ಲಿ ಬೇಡ, ಮನೆಯಲ್ಲಿ ಮಕ್ಕಳಿದ್ದರಂತೂ ಅವನ್ನು ಎತ್ತರದಲ್ಲಿ, ಬೀಗ ಹಾಕಿ ಇಡಬೇಕು.

ಇನ್ನು, ನಾಲ್ಕು ಹಲಗೆಗಳಲ್ಲಿ ಒಂದನ್ನು ತೆಗೆಸಿಬಿಡಿ ಎನ್ನುತ್ತೇನೆ. ಕುರ್ಚಿಯಲ್ಲಿ ಕುಳಿತಾಗ ಹೆಚ್ಚಿನವರ ಕಣ್ಣು ನೆಲದಿಂದ 110ರಿಂದ 120 ಸೆಂ.ಮೀ. ಎತ್ತರದಲ್ಲಿರುತ್ತದೆ, ಪುಸ್ತಕದಿಂದ ತಲೆ ಎತ್ತಿದಾಗ ನೋಟ ಬೀಳುವ ಆ ಭಾಗದಲ್ಲಿ ಬರಿಯ ಗೋಡೆ, ಹೆಚ್ಚೆಂದರೆ ಒಂದು ಹೂಜಿ, ಇದ್ದರೆ ಮೂಲೆ ಅರ್ಧ ಶಾಂತವಾದಂತೆಯೇ. ತೆಗೆದ ಹಲಗೆಯ ಪುಸ್ತಕಗಳನ್ನೆಲ್ಲ ಉಳಿದವುಗಳ ಮೇಲೆ ಪೇರಿಸಬೇಡಿ: 18 ಮಿ.ಮೀ. ಪ್ಲೈವುಡ್ ಹಲಗೆ 80–90 ಸೆಂ.ಮೀ.ಗಿಂತ ಉದ್ದವಿದ್ದು ನಡುವೆ ಆಧಾರವಿಲ್ಲದಿದ್ದರೆ, ಪುಸ್ತಕದ ಭಾರಕ್ಕೆ ನಿಧಾನವಾಗಿ ಬಾಗುತ್ತದೆ.

ಶೆಲ್ಫಿಗೆ ಗೋಡೆಯದೇ ಬಣ್ಣ ಬಳಿಸಿ. ಅದು ಬಿಳಿಯೇ ಆಗಬೇಕೆಂಬ ಹಟ ನನಗಿಲ್ಲ. ಬಿಳಿ ಗೋಡೆಯ ಮೇಲೆ ಒಂದು ಕಪ್ಪು ವೈರ್ ಇಳಿಬಿದ್ದಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಸಂಜೆಯ ಓದಿಗೆ ಚಾವಣಿಯ ದೀಪ ಆರಿಸಿ, ಭುಜದ ಹಿಂದಿನಿಂದ ಪುಟದ ಮೇಲೆ ಬೆಳಕು ಬೀಳುವಂತೆ 2700 ಕೆಲ್ವಿನ್‌ನ ಹಳದಿ ಛಾಯೆಯ ದೀಪವೊಂದನ್ನು ಇಡಿ.