ಹುತ್ತದ ಮಣ್ಣಿನ ನೆಲ ಬಿರುಕು ಬಿಟ್ಟಿತು, ಈಗೇನು ಮಾಡಲಿ?

ಪ್ರಶ್ನೆ: ಸಕಲೇಶಪುರದ ಹತ್ತಿರ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಹೆಂಚು ಹೊದಿಸಿ ಆಗಿದೆ. ನೆಲವೂ ಮಣ್ಣಿನದೇ ಇರಲಿ ಅಂತ ನನ್ನಾಸೆ. ಒಂದು ಕೋಣೆಗೆ ಹುತ್ತದ ಮಣ್ಣು ಕಲಸಿ ಹಾಕಿದೆವು. ಒಣಗುತ್ತಲೇ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯಿತು. "ನಮ್ಮ ಮಳೆಗೆ ಶೀತ ಏರುತ್ತೆ, ಗೆದ್ದಲು ಬರುತ್ತೆ, ವಾರ ವಾರ ಸಗಣಿ ಸಾರಿಸೋರು ಯಾರು?" ಅಂತ ಅತ್ತೆ ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಅತ್ತೆಯವರು ಕೇಳಿದ ಮೂರೂ ಸರಿಯಾದ ಪ್ರಶ್ನೆಗಳೇ. ಮಣ್ಣಿನ ನೆಲದಲ್ಲಿ ಬದುಕಿದವರಿಗೇ ಇವು ಹೊಳೆಯೋದು.

ಮೊದಲು ಬಿರುಕಿನ ಮಾತು. ಹುತ್ತದ ಮಣ್ಣಿನಲ್ಲಿ ಜೇಡಿ ಜಾಸ್ತಿ. ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಡಿದು ನಿಲ್ಲಿಸಲು ಮರಳಿಲ್ಲದಿದ್ದರೆ ಬಿರಿಯಲೇಬೇಕು. ಒಳ್ಳೆಯ ಮಣ್ಣಿನ ನೆಲದಲ್ಲಿ ಮುಕ್ಕಾಲು ಪಾಲು ಮರಳೇ ಇರುತ್ತದೆ, ಜೇಡಿ ಬರೀ ಅಂಟು. ನಿಮ್ಮ ಮಣ್ಣಿಗೆ ಎಷ್ಟು ಮರಳು ಬೇಕು ಅಂತ ಇಲ್ಲಿ ಕೂತು ಹೇಳಲಾರೆ. ಒಂದು ಪಾಲು ಮಣ್ಣಿಗೆ 1, 2, 3, 4 ಪಾಲು ಮರಳು ಸೇರಿಸಿ, ಒಂದೊಂದು ಅಡಿಯ ನಾಲ್ಕು ಚೌಕ ಹಾಕಿ ಒಣಗಿಸಿ. ಬಿರಿಯದ, ಕೈಯಲ್ಲಿ ತಿಕ್ಕಿದರೆ ಪುಡಿ ಉದುರದ ಚೌಕವೇ ನಿಮ್ಮ ಅಳತೆ. ಸಣ್ಣಗೆ ಕತ್ತರಿಸಿದ ಬತ್ತದ ಹುಲ್ಲೂ ಸೇರಿಸುತ್ತಾರೆ. ಮಲೆನಾಡಿಗೆ ನಾನು ತೆಂಗಿನ ನಾರನ್ನೇ ಹೇಳುತ್ತೇನೆ, ಅದು ಬೇಗ ಕೊಳೆಯುವುದಿಲ್ಲ.

ಆದರೆ ನೆಲ ಬಾಳುವುದು, ಬಾಳದಿರುವುದು ಅದರ ಅಡಿಯಲ್ಲೇ ತೀರ್ಮಾನವಾಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಕೆಳಗಿನ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಅದಕ್ಕೇ ಮೇಲ್ಮಣ್ಣು, ಬೇರು, ಮರದ ಚೂರು ಎಲ್ಲ ತೆಗೆದು, ನೆಲಕ್ಕೆ ದಮ್ಮಸು ಹೊಡೆದು, 4 ಇಂಚು ಪುಡಿಯಿಲ್ಲದ ಜಲ್ಲಿ ಹರಡಿ. ಜಲ್ಲಿಯ ಸಂದು ದೊಡ್ಡದು, ನೀರು ಹತ್ತಲಾಗದು. ಅದರ ಮೇಲೆ 3 ಇಂಚು ಒರಟು ಮಣ್ಣಿನ ಪದರ, ಅದು ಪೂರ್ತಿ ಒಣಗಿದ ಮೇಲೆ ಮುಕ್ಕಾಲು ಇಂಚಿನ ನುಣ್ಣನೆಯ ಪದರ. ಹೊರಗಿನ ಅಂಗಳಕ್ಕಿಂತ ಮನೆಯ ನೆಲ ಒಂದೂವರೆ ಅಡಿಯಾದರೂ ಎತ್ತರವಿರಲಿ. ಗೆದ್ದಲು ಹುಡುಕಿ ಬರುವುದು ತೇವವನ್ನು, ಮರವನ್ನು, ಹುಲ್ಲನ್ನು. ಇವು ಕಡಿಮೆಯಾದರೆ ಕಾಟ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುತ್ತದೆ ಅಂತ ಮಾತು ಕೊಡಲಾರೆ. ಗೋಡೆಯಂಚನ್ನು ಆಗಾಗ ನೋಡುತ್ತಿರಿ.

ನೆಲ ಪೂರ್ತಿ ಒಣಗಿದ ಮೇಲೆ ಅದಕ್ಕೆ ಎಣ್ಣೆ ಕುಡಿಸಬೇಕು. ಒಣಗುವ ಮೊದಲೇ ಎಣ್ಣೆ ಹಾಕಿ ನಾನೇ ಒಂದು ಕೋಣೆ ಕೆಡಿಸಿದ್ದೇನೆ. ಅಕ್ಟೋಬರ್ ತಿಂಗಳು, ಮೇಲೆ ಬೆಳ್ಳಗೆ ಕಾಣುತ್ತಿತ್ತು, ಒಳಗೆ ಹಸಿ. ಬೂಷ್ಟು ಬಂತು, ಕಿತ್ತು ಮತ್ತೆ ಹಾಕಬೇಕಾಯಿತು. ಈಗ ರಾತ್ರಿ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಭಾರ ಇಟ್ಟು, ಬೆಳಗ್ಗೆ ಎತ್ತಿ ನೋಡುತ್ತೇನೆ. ಅಡಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ನಿಮ್ಮ ಕಡೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಕಾಫಿ ಕೊಯ್ಲಿನಲ್ಲಿ ಆಳು ಸಿಗೋದು ಕಷ್ಟ, ಮೊದಲೇ ಮಾತಾಡಿಟ್ಟುಕೊಳ್ಳಿ.

ಒಣಗಿದ ಮೇಲೆ ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಅಂತ ಕೇಳಿ. ಅದು ಗಾಳಿ ತಾಗಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಹಾಗಾಗುವುದಿಲ್ಲ. ಎಣ್ಣೆಯ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ನೇರವಾಗಿ ಬೇಡ. ಮೊದಲ ಸಲ ಬರೀ ಎಣ್ಣೆ. ಆಮೇಲೆ ಎಣ್ಣೆ ತೆಳುವಾಗಲು ಟರ್ಪೆಂಟೈನ್ ಬೆರೆಸಿ, ಅದನ್ನು ಸಲಸಲಕ್ಕೂ ಹೆಚ್ಚಿಸುತ್ತಾ ಒಟ್ಟು ನಾಲ್ಕು ಸಲ ಬಳಿಯಿರಿ. ಟರ್ಪೆಂಟೈನ್ ಬೆಂಕಿಯ ಹತ್ತಿರ ಸುಳಿಯಬಾರದು, ಕಿಟಕಿ ಬಾಗಿಲು ತೆರೆದಿರಲಿ. ಹೀರದೆ ಉಳಿದ ಎಣ್ಣೆಯನ್ನು ಆಗಲೇ ಒರೆಸಿ, ಇಲ್ಲದಿದ್ದರೆ ಅಂಟಂಟಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ತಾನಾಗಿ ಕಾದು ಬೆಂಕಿ ಹತ್ತುತ್ತದೆ. ನೀರಲ್ಲಿ ಮುಳುಗಿಸಿಡಿ.

ಎಣ್ಣೆ ಕುಡಿದ ನೆಲಕ್ಕೆ ಸಗಣಿ ಸಾರಿಸುವ ಕೆಲಸವಿಲ್ಲ, ಒದ್ದೆ ಬಟ್ಟೆ ಸಾಕು. ಅತ್ತೆಯವರಿಗೆ ಇದನ್ನೇ ಮೊದಲು ಹೇಳಿ. ಬಚ್ಚಲಿಗೆ, ಪಾತ್ರೆ ತೊಳೆಯುವ ಜಾಗಕ್ಕೆ ಮಾತ್ರ ಕಲ್ಲು ಹಾಕಿಸಿ. ಮಂಚದ ಕಾಲಿನ ಕೆಳಗೆ ಹಲಗೆ ತುಂಡು ಇಡಿ.

ಬಿರಿದ ಕೋಣೆಯ ಮಣ್ಣನ್ನು ಎಸೆಯಬೇಡಿ. ಒಡೆದು, ನೀರಲ್ಲಿ ನೆನೆಹಾಕಿ, ಮರಳು ಸೇರಿಸಿದರೆ ಅದೇ ಮಣ್ಣು ಹೊಸ ನೆಲಕ್ಕೆ ಬರುತ್ತದೆ.