ಸಾವಿಲ್ಲದವರ ಊರಿಗೆ ಮೊದಲು ಒಂದು ಸುರಂಗ ತೋಡಿಸಿ

ಮಾಸ್ತರೇ, ನೀವು ನಿನ್ನೆ ನಮ್ಮ ಬರಹಗಾರರ ಗುಂಪಿಗೆ ಹಾಕಿದ ಕಾದಂಬರಿಯ ಮೂರು ಅಧ್ಯಾಯಗಳನ್ನೂ ಓದಿದೆ. ನಮ್ಮ ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡದ ತುದಿಯಲ್ಲಿ ಸಾವಿಲ್ಲದವರ ಊರು. ಹಸಿವಿಲ್ಲ, ಜಗಳವಿಲ್ಲ, ಸಾಲವಿಲ್ಲ. ನಾಯಕನಿಗೆ ಒಂಬೈನೂರು ವರ್ಷ. ಮೊದಲ ಪುಟದಲ್ಲೇ ಆಕಳಿಸುತ್ತಾನೆ, ಮೂರನೆಯ ಅಧ್ಯಾಯದ ಕೊನೆಗೆ ಸಾಯುವ ದಾರಿ ಹುಡುಕುತ್ತಾನೆ. ‘ಇಲ್ಲಿಂದ ಮುಂದೆ ಕಥೆ ಓಡುತ್ತಿಲ್ಲ’ ಎಂದಿದ್ದೀರಿ. ಹೇಗೆ ಓಡೀತು? ಬೇಸರಕ್ಕೆ ಕಾಲಿಲ್ಲ. ನನ್ನ ಕಪಾಟಿನಲ್ಲೂ ಇಂಥದೇ ಒಂದು ಹಸ್ತಪ್ರತಿ ಮಲಗಿದೆ, ಹಾಗಾಗಿ ಈ ಹೊಂಡದ ಆಳ ತಿಳಿದೇ ಬರೆಯುತ್ತಿದ್ದೇನೆ.

ಮೇಲೊಬ್ಬರು ‘ಅಮರತ್ವ ಎಂದರೆ ಬೇಸರವೇ, ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಸಾಧಿಸಿ ತೋರಿಸಿದ್ದಾರೆ’ ಎಂದು ಉತ್ತರಿಸಿ ಹೋಗಿದ್ದಾರೆ. ಅಷ್ಟು ಸುಲಭವಲ್ಲ. ವಿಲಿಯಮ್ಸ್ 1973ರ ಪ್ರಬಂಧದಲ್ಲಿ ಎತ್ತಿಕೊಂಡದ್ದು ಜೆಕ್ ಲೇಖಕ ಕಾರೆಲ್ ಚಾಪೆಕ್‌ನ 1922ರ ನಾಟಕದ ಎಲಿನಾಳನ್ನು. ಮುನ್ನೂರು ದಾಟಿದ ಗಾಯಕಿ ಅವಳು. ಕಾಲಕಾಲಕ್ಕೆ ಹೆಸರು ಬದಲಿಸುತ್ತಾಳೆ, ಇ.ಎಂ. ಎಂಬ ಇನಿಶಿಯಲ್ ಮಾತ್ರ ಬಿಡುವುದಿಲ್ಲ. ಸುತ್ತಲಿನವರೆಲ್ಲ ಸಾಯುವವರು, ಅವಳೊಬ್ಬಳೇ ಉಳಿದವಳು. ಊರಿಗೆ ಊರೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಅವಳು ಸಾಕ್ಷಿಯಾಗಲಾರಳು. ಆದರೆ ವಿಲಿಯಮ್ಸ್ ವಾದದ ಬೇರು ಒಂಟಿತನವಲ್ಲ ಎಂಬುದನ್ನೂ ಹೇಳಬೇಕು. ಒಂದು ಗಟ್ಟಿ ಸ್ವಭಾವ ಇರುವ ಮನುಷ್ಯನಿಗೆ ಆ ಸ್ವಭಾವಕ್ಕೆ ಒಗ್ಗುವುದೆಲ್ಲ ಒಂದು ದಿನ ಮುಗಿದುಹೋಗುತ್ತದೆ ಎನ್ನುವುದು ಆ ವಾದ. ಅದನ್ನು ತಳ್ಳಿಹಾಕಲು ನನ್ನಿಂದಾಗದು. ನಿಮ್ಮ ನಾಯಕನಿಗಾದರೋ ನೀವು ಸ್ವಭಾವವನ್ನೇ ಕೊಟ್ಟಿಲ್ಲ. ಇಲ್ಲದ್ದು ಮುಗಿಯುವುದೆಲ್ಲಿಂದ?

ನಾನು ಮಾಡುವುದು ಇಷ್ಟು: ಊರಿನಲ್ಲಿ ಫಲ ಸಿಕ್ಕೇ ಸಿಗುತ್ತದೆ ಎನ್ನಲಾಗದ ಒಂದು ಕೆಲಸ ಇಡುತ್ತೇನೆ. ಎಲ್ಲಿಂದಲೋ ತರಬೇಕಾಗಿಲ್ಲ, ನಮ್ಮ ಗುಡ್ಡಗಳಲ್ಲೇ ಇದೆ, ನೀರಿಗಾಗಿ ತೋಡುವ ಸುರಂಗ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗುಡ್ಡದ ಹೊಟ್ಟೆಗೆ ಅಡ್ಡವಾಗಿ, ಒಬ್ಬ ಆಳು ನಡೆಯುವಷ್ಟು ಮಾತ್ರ ತೋಡುವುದು. ನೀರು ಸಿಕ್ಕರೆ ತಾನಾಗಿ ಹೊರಗೆ ಹರಿದುಬರುವಂತೆ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರು. ಒಳಗೆ ಒಬ್ಬ ಪಿಕ್ಕಾಸಿನಲ್ಲಿ ಕಡಿಯುತ್ತಾನೆ, ಇನ್ನೊಬ್ಬ ಮಣ್ಣು ಹೊರುತ್ತಾನೆ. ಮೇಣದಬತ್ತಿಯ ಬೆಳಕು ಸಣ್ಣಗಾದರೆ ಗಾಳಿ ಸಾಲುತ್ತಿಲ್ಲ ಎಂದು ತಿಳಿದು ಹೊರಗೆ ಬರಬೇಕು. ಗೋಡೆಗೆ ಅಂಗೈ ಇಟ್ಟರೆ ತಂಪು ಹತ್ತುತ್ತದೆ, ಪಸೆಯೂ ಹತ್ತುತ್ತದೆ, ನೀರು ಮಾತ್ರ ಬರುವುದಿಲ್ಲ. ಆಗ ನಿಲ್ಲಿಸುವುದೋ, ಇನ್ನೊಂದು ಕೋಲಿನ ಅಳತೆ ಮುಂದಕ್ಕೆ ಹೋಗುವುದೋ, ಪಕ್ಕಕ್ಕೆ ಕವಲು ತೆಗೆಯುವುದೋ? ಈ ಪ್ರಶ್ನೆ ಇಪ್ಪತ್ತು ವರ್ಷದವನಿಗೂ ಒಂದೇ, ಒಂಬೈನೂರು ವರ್ಷದವನಿಗೂ ಒಂದೇ. ನಿಮ್ಮ ಊರಿನಲ್ಲಿ ನಲ್ಲಿ ನೀರು ಯಥೇಚ್ಛ ಎಂದು ಬರೆದಿದ್ದೀರಿ. ಇರಲಿ. ಆದರೂ ಅವನು ತೋಡಲಿ. ಎಲ್ಲ ಕೊರತೆ ನೀಗಿದ ಆದರ್ಶ ಸಮಾಜದಲ್ಲಿ ಕೊನೆಗೆ ಉಳಿಯುವುದು ಆಟ, ಅಂದರೆ ಬೇಕಿಲ್ಲದ ಅಡ್ಡಿಗಳನ್ನು ತಾವಾಗಿ ಮೈಮೇಲೆ ಎಳೆದುಕೊಂಡು ದಾಟುವುದು ಎಂದು ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರಲ್ಲೇ ವಾದಿಸಿದ್ದಾನೆ.

ಆದರೆ ಇದು ಬರೀ ಹವ್ಯಾಸಕ್ಕೆ ಇಳಿಯಬಾರದು. ವೈಜ್ಞಾನಿಕ ಕಾದಂಬರಿಕಾರ ಗ್ರೆಗ್ ಈಗನ್‌ನ 1994ರ ಕಾದಂಬರಿಯಲ್ಲಿ ಪೀರ್ ಎಂಬವನು ಕಂಪ್ಯೂಟರಿನೊಳಗೆ ಬದುಕುತ್ತಾನೆ. ಅವನ ಹುಚ್ಚುಗಳನ್ನು ಆಗಾಗ ಒಂದು ತಂತ್ರಾಂಶವೇ ಆರಿಸಿ ಬದಲಿಸುತ್ತದೆ. ಮೇಜಿನ ಕಾಲು ಕೆತ್ತುವ ಹುಚ್ಚು ಹತ್ತಿದಾಗ ಲಕ್ಷಕ್ಕೂ ಮಿಕ್ಕಿ ಕಾಲುಗಳನ್ನು ಕೆತ್ತುತ್ತಾನೆ, ಪರಮಸುಖಿ. ಓದುವಾಗ ನನಗೆ ಮೈ ಜುಮ್ಮೆಂದಿತು. ಆ ಕಾಲುಗಳಿಗಾಗಿ ಯಾರೂ ಕಾಯುತ್ತಿಲ್ಲ. ಸುರಂಗದ ಬಾಯಿಯಲ್ಲಿ ಕೊಡ ಇಟ್ಟುಕೊಂಡು ಒಬ್ಬರಾದರೂ ಕೂತಿರಬೇಕು.

ಕಾಯುವವರು ಎಂದಾಗ ವನಪರ್ವದ ಇಂದ್ರದ್ಯುಮ್ನನನ್ನು ಓದಿ. ಭೂಮಿಯಲ್ಲಿ ಅವನ ಕೀರ್ತಿ ಮರೆತುಹೋಯಿತೆಂದು ಸ್ವರ್ಗದಿಂದ ಕೆಳಗೆ ಬಿದ್ದವನು. ಚಿರಂಜೀವಿ ಮಾರ್ಕಂಡೇಯನಿಗೆ ಅವನ ಗುರುತಿಲ್ಲ. ತನಗಿಂತ ಹಿರಿಯ ಗೂಬೆಯ ಹತ್ತಿರ ಕರೆದೊಯ್ಯುತ್ತಾನೆ, ಅದಕ್ಕೂ ತಿಳಿಯದು. ಗೂಬೆಗಿಂತ ಹಿರಿಯ ಕೊಕ್ಕರೆಗೂ ತಿಳಿಯದು. ಕೊನೆಗೆ ಅಕೂಪಾರ ಎಂಬ ಆಮೆ ಹೆಸರು ಕೇಳಿದ್ದೇ ಕಣ್ಣೀರಿಡುತ್ತದೆ: ತಾನಿರುವ ಸರೋವರವಾದದ್ದೇ ಈ ರಾಜ ದಾನ ಕೊಟ್ಟ ಹಸುಗಳ ಗೊರಸಿನ ತುಳಿತದಿಂದ. ಅಷ್ಟು ದೀರ್ಘ ಆಯುಷ್ಯಕ್ಕೆ ಆಮೆಗಿದ್ದ ಕೆಲಸ ಒಂದೇ, ಒಬ್ಬನನ್ನು ನೆನಪಿಟ್ಟುಕೊಳ್ಳುವುದು. ನಿಮ್ಮ ಊರಿನಲ್ಲಿ ಅಂಥ ಆಮೆ ಯಾರು? ಅದನ್ನು ನಿರ್ಧರಿಸದೆ ನಾಲ್ಕನೆಯ ಅಧ್ಯಾಯಕ್ಕೆ ಕೈ ಹಾಕಬೇಡಿ.

ದಯವಿಟ್ಟು ಅಶ್ವತ್ಥಾಮನನ್ನು ತರಬೇಡಿ. ನಮ್ಮ ಗುಂಪಿನಲ್ಲಿ ಅಮರತ್ವದ ಕಥೆ ಎಂದರೆ ಸಾಕು, ಕೊನೆಯ ಪುಟದಲ್ಲಿ ಹಣೆಯಿಂದ ರಕ್ತ ಸುರಿಸುತ್ತಾ ಅವನು ಹಾಜರು. ಸೌಪ್ತಿಕಪರ್ವದಲ್ಲಿ ಅವನಿಗೆ ಶಾಪ ಇರುವುದು 3000 ವರ್ಷದ ಅಲೆದಾಟಕ್ಕೆ, ಅದೂ ಶಿಕ್ಷೆಯಾಗಿ. ಆದರ್ಶ ರಾಜ್ಯಕ್ಕೂ ಅವನಿಗೂ ಏನು ಸಂಬಂಧ? ಚಿರಂಜೀವಿಯೇ ಬೇಕಿದ್ದರೆ ಬಲೀಂದ್ರ ಇದ್ದಾನೆ. ಎಲ್ಲರೂ ಸಮಾನರಾಗಿದ್ದ ರಾಜ್ಯವನ್ನು ಆಳಿದವನು, ಈಗ ಸುತಲ ಎಂಬ ಪಾತಾಳಲೋಕದಲ್ಲಿ ಕೂತು ವರ್ಷಕ್ಕೊಮ್ಮೆ ಮೇಲೆ ಬರುವವನು. ಕಾಸರಗೋಡಿನವರಾದ ನಾವಂತೂ ಅವನನ್ನು ಎರಡು ಸಲ ಕರೆಯುತ್ತೇವೆ, ಓಣಕ್ಕೊಮ್ಮೆ, ದೀಪಾವಳಿಗೊಮ್ಮೆ. ಉಪ್ಪು ಕರ್ಪೂರವಾದಾಗ, ಉದ್ದು ಮದ್ದಳೆಯಾದಾಗ ರಾಜ್ಯ ಆಳಲು ಬಾ ಎಂದು ತುಳುವಿನಲ್ಲಿ ಅವನಿಗೆ ಹಾಡಿ ಹೇಳುವ ಮಾತು ಶುದ್ಧ ಮೋಸ. ಅವನು ಅದನ್ನು ನಂಬಿದ್ದಾನೋ, ತಿಳಿದೂ ಬರುತ್ತಾನೋ? ಅದೊಂದರಲ್ಲೇ ನಿಮಗೆ ಮೂರು ಅಧ್ಯಾಯ ಇದೆ.

ಇಂಗ್ಲಿಷಿನಲ್ಲಿ ಓದುವುದಾದರೆ ನನ್ನ ಮತ ವೈಜ್ಞಾನಿಕ ಕಾದಂಬರಿಕಾರ ಇಯಾನ್ ಬ್ಯಾಂಕ್ಸ್‌ಗೆ. ಅವನ ‘ಕಲ್ಚರ್’ ಸಮಾಜದಲ್ಲಿ ಸಾಯಲೇಬೇಕೆಂಬ ಬಲವಂತವಿಲ್ಲ. ಆದರೂ ಹೆಚ್ಚಿನವರು 350–400 ವರ್ಷಕ್ಕೆ ಸಾಕು ಎನ್ನುತ್ತಾರೆ. ಆರ್ಥರ್ ಕ್ಲಾರ್ಕ್‌ನ 1956ರ ಕಾದಂಬರಿಯ ಡಯಾಸ್ಪರ್ ನಗರ ನನಗೆ ಸ್ವಲ್ಪ ಒಣಕಲು. ಜನ ಸಾವಿರ ವರ್ಷ ಬದುಕಿ, ಬೇಡದ ನೆನಪುಗಳನ್ನು ಕಳಚಿ, ನಗರದ ಸ್ಮೃತಿಕೋಶಕ್ಕೆ ಮರಳಿ, ಯುಗಗಳ ನಂತರ ಮತ್ತೆ ಹುಟ್ಟುತ್ತಾರೆ. ಆದರೆ ಆ ನಗರ ಜಡ್ಡುಗಟ್ಟದಿರಲಿ ಎಂದು ಅಲ್ಲಿ ಒಬ್ಬ ವಿದೂಷಕನನ್ನೂ ಇಟ್ಟಿದ್ದಾರೆ. ಅದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನೀವು, ಊರಿಗೊಬ್ಬ ಹಾಸ್ಯಗಾರನನ್ನು ಇಡಲು ಕ್ಲಾರ್ಕ್‌ನ ಅಪ್ಪಣೆ ಬೇಕೇ?

ಇನ್ನೊಂದು ವಿಷಯ, ಭಾಷೆ. ಒಂಬೈನೂರು ವರ್ಷದವನೂ ಇಪ್ಪತ್ತರವನೂ ನಿಮ್ಮಲ್ಲಿ ಒಂದೇ ಪತ್ರಿಕಾ ಕನ್ನಡ ಆಡುತ್ತಿದ್ದಾರೆ. ಸ್ವಿಫ್ಟ್ 1726ರ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲೇ ಇದನ್ನು ಯೋಚಿಸಿದ್ದ: ಅವನ ಸಾವಿಲ್ಲದ ಸ್ಟ್ರಲ್ಡ್‌ಬ್ರಗ್‌ಗಳು ಇನ್ನೂರು ದಾಟಿದ ಮೇಲೆ ಸ್ವಂತ ಊರಿನಲ್ಲೇ ಪರದೇಶಿಗಳು, ನಾಲ್ಕು ಮಾತು ಆಡಲಾರರು. ನಿಮ್ಮ ಅಜ್ಜನಿಗೆ ಅಲ್ಲಲ್ಲಿ ಒಂದೊಂದು ಹಳಗನ್ನಡದ ಪದ ಸಾಕು. ಜಾಸ್ತಿ ಮಾಡಿದರೆ ತಾಳಮದ್ದಳೆಯಾಗುತ್ತದೆ.

ಮೊದಲ ಎರಡು ಅಧ್ಯಾಯ ತೆಗೆದುಹಾಕಿ, ಪಿಕ್ಕಾಸಿನಿಂದಲೇ ಶುರು ಮಾಡಿ ಕಳುಹಿಸಿ. ಪುಟದ ಫೋಟೊ ಬೇಡ, ಟೈಪ್ ಮಾಡಿದ ಕಡತವೇ ಇರಲಿ. ಮೊಬೈಲಿನಲ್ಲಿ ನಿಮ್ಮ ಕೈಬರಹ ಹಿಗ್ಗಿಸಿ ಓದಿ ಕಣ್ಣು ನೋಯುತ್ತಿದೆ.